ಹನ್ನೊಂದು ಸೆಕೆಂಡು

ಅರಸೀಕೆರೆ ಬಿ.ಎಚ್. ರಸ್ತೆಯಲ್ಲಿ ನನ್ನದು ಚಪ್ಪಲಿ ಅಂಗಡಿ.
ಹೊಸ ಬೂಟಿನ ಡಬ್ಬಿಯೊಳಗೆ ಒಂದು ಪೊಟ್ಟಣ ಇರುತ್ತದಲ್ಲ,
ತಿನ್ನಬೇಡಿ ಎಂದು ಬರೆದದ್ದು, ತೇವ ಹೀರುವ ಹರಳಿನದು,
ಅದನ್ನು ಮಾತ್ರ ಗಿರಾಕಿಗೆ ಕೊಡುವುದಿಲ್ಲ.
ಸಂಜೆ ಜೇಬಿಗೆ ಹಾಕಿಕೊಂಡು ಹೋಗಿ
ಸಿನಿಮಾಗಳ ಸಂದಿಯಲ್ಲಿ ಇಡುತ್ತೇನೆ.

ಮುನ್ನೂರ ಹನ್ನೆರಡು ಡಿಸ್ಕು.
ಬೆನ್ನಿನ ಮೇಲೆ ನಂಬರು, ನಂಬರಿನಂತೆ ಸಾಲು.
ನಲವತ್ತೊಂದು ಇಲ್ಲ. ಮತ್ತೆ ಅಚ್ಚು ಹಾಕುವುದಿಲ್ಲವಂತೆ.
ಅಲ್ಲಿ ಅಷ್ಟೇ ದಪ್ಪದ ರಟ್ಟು ಸಿಗಿಸಿದ್ದೇನೆ,
ಎಡಗಾಲಿನದು ಕಳೆದ ಜೋಡಿಯನ್ನು
ಮಾರಲೂ ಆಗದೆ ಎಸೆಯಲೂ ಆಗದೆ ಇಟ್ಟುಕೊಂಡ ಹಾಗೆ.

ಕೊರಿಯರ್ ಹುಡುಗ ಕೇಳುತ್ತಾನೆ: ಔಷಧೀನಾ ಸಾರ್?
ಜಲಜಾಕ್ಷಿ ತೋಟದವರ ಮಗಳು, ಎಲ್ಲವನ್ನೂ ಕಾಯಿಯಲ್ಲಿ ಎಣಿಸುವವಳು.
ಸುಂಕ ಸೇರಿ ನೂರೈವತ್ತು ಕಾಯಿ, ಎನ್ನುತ್ತಾಳೆ,
ಒಂದು ಸಿನಿಮಾಕ್ಕೆ. ನೋಡಿದ್ದೆಷ್ಟು ಇದರಲ್ಲಿ?
ನೋಡ್ತೀನಿ, ಎನ್ನುತ್ತೇನೆ.
ಕೆಲವು ಇನ್ನೂ ಪ್ಲಾಸ್ಟಿಕ್ ಬಿಚ್ಚದೆ ಮಿನುಗುತ್ತಿವೆ.

ಮೊನ್ನೆ ಬಂದದ್ದನ್ನು ಮಾತ್ರ ನಿಂತಲ್ಲೇ ಬಿಚ್ಚಿದೆ.

ಎಂಬತ್ತೆಂಟರಲ್ಲಿ ಹಾಸನದ ನೌಕರರ ಭವನ,
ಕಿಟಕಿಗೆಲ್ಲ ಜಮಖಾನೆ, ಗೋಡೆಗೆ ಇಸ್ತ್ರಿ ಮಾಡಿದ ಪಂಚೆ.
ಪಕ್ಕದಲ್ಲಿ ಚನ್ನರಾಯಪಟ್ಟಣದ ಧರಣೇಂದ್ರ.
ಉಪ್ಪಿನ ಗಣಿಯ ಊರು, ಪೆಟ್ಟಿಗೆ ಹಿಡಿದ ಹೆಂಗಸು.
ಅವಳ ಮುಖದ ಮೇಲೆ ರೀಲಿನ ಗೀರು ಮಳೆಯಂತೆ ಇಳಿಯುತ್ತಿತ್ತು.
ಬಾಗಿಲ ಹತ್ತಿರ ಬಂದಳು. ಟಪ್ಪೆಂದು ಏನೋ ಹಾರಿತು.
ಮುಂದಿನ ಚಿತ್ರದಲ್ಲಿ ಹಿಮದೊಳಗೆ ನಡೆಯುತ್ತಿದ್ದಾಳೆ.

ತಿರುಗಿ ನೋಡಲೇ ಇಲ್ಲ ಕಣೋ, ಅಂದೆ, ಅದೇ ದೊಡ್ಡದು.
ರೀಲು ಹರಿದಿದೆ ಕಣೋ, ಅಂದ, ನೋಡಿರ್ತಾಳೆ.
ಕೊನೆಯ ರೈಲು ಬರುವ ತನಕ ಪ್ಲಾಟ್‌ಫಾರ್ಮಿನಲ್ಲಿ ಅದೇ ಜಗಳ.

ಆಮೇಲೆ ಅವನು ನನ್ನ ಕ್ಯಾಸೆಟ್ಟು ಒಯ್ದು
ಅದರ ಮೇಲೇ ತಂಗಿಯ ಮದುವೆ ರೆಕಾರ್ಡು ಮಾಡಿಸಿ ತಂದುಕೊಟ್ಟ.
ಧಾರೆ, ಆರತಿ, ಹೋಳಿಗೆಗೆ ಕುಳಿತ ಪಂಕ್ತಿ.
ಅವತ್ತು ಅವನ ಮನೆಯಿಂದ ಎದ್ದು ಬಂದವನು
ಆ ಹೆಂಗಸಿನ ಹಾಗೆಯೇ ಹಿಂದೆ ನೋಡಲಿಲ್ಲ.
ಅಲ್ಲಿಂದ ಯಾರಿಗೂ ಏನೂ ಕೊಟ್ಟಿಲ್ಲ.

ಈಗ ಮೂಲ ನೆಗೆಟಿವ್ ಸಿಕ್ಕಿದೆಯಂತೆ, ತೊಳೆದಿದ್ದಾರೆ.
ಗೀರಿಲ್ಲ. ಮಳೆ ಇಲ್ಲ.
ಕೆನ್ನೆಯ ಮೇಲಿನ ಸಿಡುಬಿನ ಕಲೆ ಮೊದಲ ಸಲ ಕಂಡಿತು.
ಬಾಗಿಲ ಹತ್ತಿರ ಬಂದಳು, ಚಿಲಕಕ್ಕೆ ಕೈ ಇಟ್ಟಳು,
ಚಿತ್ರ ಹಾರಲಿಲ್ಲ.

ತಿರುಗಿದಳು. ಗಂಡನ ಕಡೆಗಲ್ಲ.
ಗೋಡೆಯ ಬುಡದಲ್ಲಿ ಅವನ ಬೂಟು, ಒಂದು ಮಗುಚಿ ಬಿದ್ದಿತ್ತು.
ಪೆಟ್ಟಿಗೆ ಇಳಿಸಿ, ಬಗ್ಗಿ, ಅದನ್ನು ನೆಟ್ಟಗೆ ಮಾಡಿ,
ಜೋಡಿಗೆ ತಾಗಿಸಿ ಇಟ್ಟು,
ಹೋದಳು.

ಮಗುಚಿದ ಚಪ್ಪಲಿ ಮನೆಗೆ ಜಗಳ ತರುತ್ತೆ
ಅಂತ ಅಮ್ಮ ಬೈಯುತ್ತಿದ್ದಳು. ಅಲ್ಲೂ ಹಾಗೆ ಅಂತಾರೇನೋ.
ದಿನಕ್ಕೆ ನಲವತ್ತು ಸಲ ನಾನು ಮಾಡುವ ಕೆಲಸ ಅದು,
ಗಿರಾಕಿ ಬಿಟ್ಟೆದ್ದ ಮೇಲೆ, ಏನೂ ಯೋಚಿಸದೆ.

ಏಳು ಸಲ ಹಾಕಿ ನೋಡಿದೆ. ಎಣಿಸಿದೆ: ಹನ್ನೊಂದು ಸೆಕೆಂಡು.
ಜಲಜಾಕ್ಷಿ ಒಗೆದ ಬಟ್ಟೆ ಹೆಗಲ ಮೇಲೆ ಹಾಕಿಕೊಂಡೇ ನಿಂತಳು.
ಪಾಪ, ಅವಳಿಗೆ ಹೋಗೋಕೆ ಇಷ್ಟ ಇರಲಿಲ್ಲ, ಅಂದಳು.
ಸ್ವಲ್ಪ ಹೊತ್ತು ಬಿಟ್ಟು, ಇಲ್ಲ, ಇತ್ತು, ಅಂದಳು.

ಎಂಟನೇ ನಂಬರಿನ ಡಬ್ಬಿ ಹುಡುಕಿದೆ. ಅವನ ಅಳತೆ ಮರೆತಿಲ್ಲ.
ಡಿಸ್ಕು, ಎರಡು ಪೊಟ್ಟಣ, ಸುತ್ತ ದಾರ.
ಚನ್ನರಾಯಪಟ್ಟಣದ ಬಸ್ಸಿನ ಕಂಡಕ್ಟರ್ ಕೈ ಚಾಚಿದಾಗ ನೆನಪಾಯಿತು,
ಬೇರೆ ದೇಶದ ಡಿಸ್ಕು, ಇಲ್ಲಿನ ಮೆಷಿನ್ನು ಇದನ್ನು ಓದುವುದಿಲ್ಲ.
ನನ್ನದನ್ನು ನಾನು ಜರ್ಮನಿಯಿಂದ ತರಿಸಿದ್ದು.

ಪೆನ್ನು ಇಸಿದುಕೊಂಡು ಮುಚ್ಚಳದ ಮೇಲೆ ಬರೆದೆ:
ಇದು ನಿನ್ನಲ್ಲಿ ಓಡುವುದಿಲ್ಲ. ತೆಗೆದುಕೊಂಡು ಬಾ.