ಒಂದು ಬೆರಳಿನ ಲೆಕ್ಕ

ಸ್ಟ್ರಾಮ್‌ನೆಸ್ಸಿನ ದಕ್ಕೆಯ ಮೇಲೆ, ಬೆಳಗಿನ ಏಳಕ್ಕೆ,
ಎರ್ಲೆಂಡ್ ನನ್ನ ಬೆನ್ನ ಹಿಂದೆ ನಿಂತು ಗೊಣಗಿದ:
"ಈ ಪಟ್ಟಿಗಿನ್ನೂ ಹಳಬನ ಹೆಗಲಿನದೇ ನೆನಪು."

ಅವಳಿ ಸಿಲಿಂಡರು, ಸೆಕೆಂಡ್‌ಹ್ಯಾಂಡ್ ಉಕ್ಕು.
ಕೊಂಡವಳು ನಾನು, ಮಡಿಕೆ ಇನ್ನಾರದೋ.
ಬಕಲ್ ಬಿಚ್ಚಿ, ಪಟ್ಟಿ ಮಗುಚಿ, ಮತ್ತೆ ಪೋಣಿಸಿ
"ಕೈ ಹಿಂದಕ್ಕೆ ಹಾಕು ಥೋರಾ, ವಾಲ್ವ್ ಸಿಕ್ಕಿತಾ?"
ಇಲ್ಲ.
ಬೆರಳ ತುದಿಗೆ ಬರೀ ಚಳಿ.

ಸ್ಪ್ಯಾನರು ತಂದ. ಬ್ಯಾಂಡು ಸಡಿಲಿಸಿ
ಜೋಡಿಯನ್ನು ಎರಡು ಬೆರಳು ಮೇಲಕ್ಕೆ ಸರಿಸಿದ.
ವಾಲ್ವ್ ಸಿಕ್ಕಿತು; ನೀರಿಗಿಳಿದರೆ
ತಲೆ ಕೆಳಗೆ, ಕಾಲು ಮೇಲೆ,
ಕೆಸರಲ್ಲಿ ಹುಳ ಹುಡುಕುವ ಬಾತುಕೋಳಿ ನಾನು.
ಬಂಡೆಯ ಮೇಲಿನ ಸೀಲೊಂದು ನೋಡಿಯೂ ನೋಡದಂತೆ ಮಗ್ಗುಲಾಯಿತು.

ಒಂದು ಬೆರಳು ಕೆಳಗೆ. ಮತ್ತೆ ಇಳಿ.
ಸೊಂಟದ ಸೀಸ ಒಂದು ಕಿಲೋ ತೆಗೆದೆ.
ಗದರಿದ: "ಗಾಳಿಗೂ ತೂಕವಿದೆ ಕಣೇ,
ಉಸಿರಾಡಿದಷ್ಟೂ ಹಗುರಾಗ್ತೀಯ.
ಹೊರಡುವಾಗಿನದಲ್ಲ,
ಮರಳುವಾಗಿನ ಭಾರ ಲೆಕ್ಕ ಹಾಕು."
ಅರ್ಧ ಕಿಲೋ ವಾಪಸು ಸಿಕ್ಕಿಸಿದೆ.

ಮಧ್ಯಾಹ್ನ, ಸಿಲಿಂಡರು ಬರಿದಾಗುವ ಹೊತ್ತಿಗೆ,
ಆರು ಮೀಟರಿನಲ್ಲಿ, ಕೆಲ್ಪಿನ ಎಲೆಗಳ ನಡುವೆ
ಏರದೆ, ಇಳಿಯದೆ,
ಚಾಪೆ ಹಾಸಿದ ಹಾಗೆ ಮಲಗಿದ್ದೆ.
ಬೆನ್ನ ಮೇಲೆ ಉಕ್ಕಿದೆಯೆಂದು
ಯಾರಾದರೂ ನೆನಪಿಸಬೇಕಿತ್ತು.

ಎರ್ಲೆಂಡ್ ಮೇಲೆ ದೋಣಿಯಲ್ಲಿ ಚಹಾ ಕುಡಿಯುತ್ತಿದ್ದ,
ಸ್ಪ್ಯಾನರು ತೊಡೆಯ ಮೇಲೇ ಇತ್ತು.