ಘೋಷಿತ ಮೌಲ್ಯ

ಕಿಲಿಂಡಿನಿ ಬಂದರಿನ ಏಳನೇ ಶೆಡ್ಡಿನಲ್ಲಿ
ನಾನು ಫಾರಂ ತುಂಬುವ ಗುಮಾಸ್ತ.
ಹಡಗಿನಿಂದ ಇಳಿದದ್ದಕ್ಕೆಲ್ಲ
ಒಂದು ಹೆಸರು, ಒಂದು ತೂಕ, ಒಂದು ಬೆಲೆ.
ಟೈರು, ಟೈಲ್ಸು, ಹಳೇ ಬಟ್ಟೆಯ ಮೂಟೆ.
ಒಮ್ಮೆ ಒಂದು ಮುದಿ ಸರ್ಕಸ್ ಸಿಂಹ,
ವಾಪಸ್ಸು, ಹಲ್ಲಿಲ್ಲದೆ.

ಆ ಮಂಗಳವಾರ ಇಳಿದದ್ದು ಆಳುದ್ದದ ಪೆಟ್ಟಿಗೆ.
ಒಳಗೆ ಬಿಳಿ ಫೋಮು,
ಫೋಮಿನಲ್ಲಿ ಅವನ ಆಕಾರದ್ದೇ ತಗ್ಗು,
ತಗ್ಗಿನಲ್ಲಿ ಅವನು:
ದುಂಡು ತಲೆಯ ಮರದ ಕಂಬ,
ಎದೆ ತುಂಬ ಕೊರೆದ ತ್ರಿಕೋನ, ಉದುರಿದ ಸುಣ್ಣ,
ಕೆಳತುದಿಯಲ್ಲಿ ಗರಗಸದ ಗುರುತು.
ಕಾಲು ಇಲ್ಲೇ ಉಳಿದಿತ್ತು, ನಮ್ಮ ಮಣ್ಣಿನಲ್ಲಿ.

"ವಸ್ತು?" ಎಂದರು ಮುಲ್ವಾ ಸಾಹೇಬರು.
ಹಿಮದ ಊರಿನ ಮ್ಯೂಸಿಯಮ್ಮಿನಿಂದ
ಮೂರು ವಿಮಾನ ಹತ್ತಿಳಿದು, ಕಾಲು ಊದಿಸಿಕೊಂಡು ಬಂದಿದ್ದ ಆರ್ಲಿನ್
"ಕಲಾಕೃತಿ" ಎಂದಳು. ತಡೆದು, "ಅಲ್ಲ, ಸ್ಮಾರಕ."
"ಕಲಾಕೃತಿಗೆ ಸುಂಕ ಉಂಟು.
ಸ್ಮಾರಕಕ್ಕೆ ಕಾಲಮ್ಮೇ ಇಲ್ಲ."

ಬೆಂಚಿನ ತುದಿಯಲ್ಲಿ ಬುತ್ತಿಗಂಟು ಹಿಡಿದಿದ್ದ
ನ್ಯೇವು ಅಜ್ಜಿ ಬಾಯಿ ಬಿಟ್ಟಳು:
"ದೊಡ್ಡಪ್ಪ ಅಂತ ಬರೆಯಿರಿ.
ಹೆಸರು ಜೆಫ್ವಾ."

"ಘೋಷಿತ ಮೌಲ್ಯ?"
ವಿಮೆಯ ಕಾಗದದಲ್ಲಿ ಒಂದು ಅಂಕಿ ಇತ್ತು.
ನಮ್ಮ ಗಿರಿಯಾಮಾ ಮಾತಿಗೆ ತಿರುಗಿಸಿ ಹೇಳಿದೆ.
ಅಜ್ಜಿ ಬೆರಳು ಮಡಚಿದಳು, ಆಡಿನ ಲೆಕ್ಕ, ಹಸುವಿನ ಲೆಕ್ಕ,
ನಡುವೆಯೇ ಕೈ ಬಿಟ್ಟಳು.
"ಕೊಯ್ದವನಿಗೆ ಸಿಕ್ಕಿದ್ದು ಒಂದು ಸೈಕಲ್ಲು.
ಕೊಯ್ದವನು ನನ್ನ ತಮ್ಮ.
ಮೊದಲು ಆಡು ಸತ್ತವು, ಆಮೇಲೆ ಅವನ ಕೂಸು.
ಸೈಕಲ್ಲನ್ನು ಬಾವಿಗೆ ಹಾಕಿದ.
ಆ ನೀರು ಈಗಲೂ ಕೆಂಪಗೆ ಬರುತ್ತದೆ, ತುಕ್ಕು."
ಇದನ್ನು ಇಂಗ್ಲಿಷಿಗೆ ಹೇಳುವಾಗ
ತಮ್ಮ ಎಂಬಲ್ಲಿ ನನ್ನ ನಾಲಗೆ ತಡವರಿಸಿತು.

ನಾಲ್ಕು ದಿನ.
ನೈರೋಬಿಗೆ ಫೋನು, ಅಲ್ಲಿಂದ ಪ್ಯಾರಿಸ್ಸಿಗೆ ಕಾಗದ,
ಎರಡು ದೇಶದ ಮುದ್ರೆ, ಮೂರನೆಯದರ ಸಹಿ,
ಸಹಿ ಮಾಡಬೇಕಾದವರು ರಜೆಯಲ್ಲಿ.
ಬೆಂಚಿನ ಮೇಲೆ ಒಬ್ಬಳ ಭಾಷೆ ಒಬ್ಬಳಿಗೆ ಬಾರದ ಇಬ್ಬರು
ಬೇಯಿಸಿದ ಮರಗೆಣಸು ಹಂಚಿಕೊಂಡು ತಿಂದರು.
ಮೂರನೇ ದಿನ ಆರ್ಲಿನ್ ಉಪ್ಪು ತಂದಳು.

ಐದನೇ ಬೆಳಿಗ್ಗೆ ಮುಲ್ವಾ ಸಾಹೇಬರು
ಯಾರನ್ನೂ ಕೇಳದೆ ಬೇರೆ ಫಾರಂ ತೆಗೆದರು.
"ನನ್ನ ತಮ್ಮ ದೋಹಾದಿಂದ ಬಂದದ್ದು
ಈ ಕಾಲಮ್ಮಿನಲ್ಲಿ" ಎಂದರು, ತಲೆ ಎತ್ತದೆ.
ಮೃತರು, ಸ್ವದೇಶಕ್ಕೆ. ಸುಂಕ: ಸೊನ್ನೆ.
ಮುದ್ರೆ ಎರಡು ಸಲ ಹೊಡೆದರು. ಮೊದಲನೆಯದು ಸರಿಯಾಗಿ ಮೂಡಿರಲಿಲ್ಲ.

ಕಲೊಲೆನಿಯಾಚೆ, ತೆಂಗಿನ ಕೆಳಗೆ,
ಹಳೇ ಕಾಲು ಇದ್ದ ಜಾಗ ಈಗ ಹುತ್ತ.
ಆರ್ಲಿನ್ ಕೈಯಲ್ಲಿ ಒಪ್ಪಂದದ ಹಾಳೆ:
ಗಾಜು, ಬೀಗ, ತೇವಾಂಶ ಶೇಕಡಾ ಐವತ್ತು.
"ಗೆದ್ದಲು ತಿನ್ನುವುದಿಲ್ಲವೇ?" ನನ್ನನ್ನು ಕೇಳಿದಳು.
"ತಿನ್ನಲಿ" ಎಂದಳು ಅಜ್ಜಿ.
"ಮೂವತ್ತು ವರ್ಷ ಚೆನ್ನಾಗಿ ನೋಡಿಕೊಂಡೆ, ತಾಯಿ.
ಆದರೆ ಪೂರ್ತಿ ಸಾಯಲು ಬಿಡಲಿಲ್ಲ."

ಇದನ್ನು ನಾನು ಮೃದು ಮಾಡಿ ಹೇಳಬಹುದಿತ್ತು.
ಹಾಗೇ ಹೇಳಿದೆ.

ಆರ್ಲಿನ್ ಬಹಳ ಹೊತ್ತು ನಿಂತಿದ್ದಳು.
ಹಾಳೆ ನಾಲ್ಕು ಮಡಿಕೆಯಾಗಿ ಜೇಬಿಗೆ ಹೋಯಿತು.
ಹತ್ತಿಯ ಗವಸು ಕಳಚಿದಳು,
ಮೊದಲ ಬಾರಿ ಬರಿಗೈ ಅವನ ಎದೆಯ ಮೇಲೆ.
ಗುಂಡಿಗೆ ಇಳಿಸುವಾಗ ಒಂದು ಕಡೆ ಅವಳು,
ಒಂದು ಕಡೆ, ಯಾರೂ ಕರೆಯದೆ ಬಂದಿದ್ದ ಮುದುಕ ತಮ್ಮ.
ಯಾರೋ ಕಳ್ಳು ಸುರಿದರು. ಮಣ್ಣು ಕುಡಿಯಿತು.

ಒಪ್ಪಂದ ಮುರಿಯಿತೋ, ಪೂರ್ತಿಯಾಯಿತೋ,
ಅದಕ್ಕೆ ನನ್ನಲ್ಲಿ ಫಾರಂ ಇಲ್ಲ.

ಪೆಟ್ಟಿಗೆ ಮಾತ್ರ ಇನ್ನೂ ಏಳನೇ ಶೆಡ್ಡಿನಲ್ಲೇ ಇದೆ.
ಮಧ್ಯಾಹ್ನ ಫೋಮಿನ ತಗ್ಗಿನಲ್ಲಿ
ಕಾವಲುಗಾರ ಮಲಗುತ್ತಾನೆ.
ಅಳತೆ ಹೆಚ್ಚುಕಡಿಮೆ ಸರಿಹೋಗುತ್ತದೆ.