ಎರಡು ಬೆರಳಿನಷ್ಟು ಜಾಗ

ಬೇವಿನ ನೆರಳಲ್ಲಿ ಚಾಪೆ, ಚಾಪೆಯ ಮೇಲೆ ಹಾಳೆ,
ಹಾಳೆ ಹಾರದಂತೆ ನಾಲ್ಕು ಮೂಲೆಗೆ ನಾಲ್ಕು ಈರುಳ್ಳಿ,
ನನ್ನ ಹೊಲದವು.
ಹರ್ಮಟ್ಟಾನ್ ಗಾಳಿಗೆ ಎಲ್ಲರ ತುಟಿಯೂ ಒಡೆದಿದೆ,
ಮಾತು ಬಿಗಿ.

ಬೋಲ್ಗಟಾಂಗದಿಂದ ಬಂದ ಹುಡುಗಿ ಕೇಳಿದ್ದು ಒಂದೇ:
ಕಾಲುವೆಯ ಬಾಗಿಲು ಮುರಿದು ಮೂರು ಬೇಸಿಗೆ ಆಯಿತು,
ಅದು ಹಾಗೇ ಇರುವುದರಲ್ಲಿ
ಯಾರ ಯಾರ ಕೈಯಿದೆ?

ಬರೆಯಬಲ್ಲವನೆಂದು ಪೆನ್ನು ನನಗೆ ಕೊಟ್ಟರು.
ನೀರು ಬಳಕೆದಾರರ ಸಂಘದ ಕಾರ್ಯದರ್ಶಿ ನಾನು, ಅಯಿಂಬೊರಾ,
ಅಕ್ಷರ ಮುತ್ತಿನಂತೆ.

ಹೆಸರಿಗೊಂದು ಚೀಟಿ.
ಜಿಲ್ಲಾ ಕಚೇರಿ. ಎಂಜಿನಿಯರು. ಗುತ್ತಿಗೆದಾರ.
ಊರಾಳುವ ನಾಬ. ನೆಲಕ್ಕೆ ಕೋಳಿ ಕೊಡುವ ತಿಂದಾನ.
ಸಂಘದ ಅಧ್ಯಕ್ಷ ಅಪಂಬಿಲಾ.
ದನ ಹೊಡೆದುಕೊಂಡು ಬರುವ ಫುಲಾನಿಗಳನ್ನು
ಬರೆಯಬೇಕೋ ಬೇಡವೋ ಎಂದು ಅರ್ಧ ಗಂಟೆ ಜಗಳ.
ಬರೆದೆ.

ಆಮೇಲೆ ಗೆರೆಗಳು.
ದುಡ್ಡು ಹರಿದಲ್ಲಿ ಕೆಂಪು, ಅಪ್ಪಣೆ ಹರಿದಲ್ಲಿ ಕಪ್ಪು,
ಸುದ್ದಿ ಹರಿದಲ್ಲಿ ಹಸಿರು.
ನೀರೊಂದು ಬಿಟ್ಟು ಎಲ್ಲ ಹರಿಯುತ್ತದಪ್ಪ ಈ ಊರಲ್ಲಿ
ಎಂದು ಯಾರೋ ನಕ್ಕರು,
ಜೊತೆಗೆ ಯಾರೂ ನಗಲಿಲ್ಲ.

ಹಸಿರೆಲ್ಲ ಹೋಗಿ ಕೂಡಿದ್ದು
ತಲಾತಾಳ ಪಿಟೊ ಗಡಿಗೆಯ ಬುಡಕ್ಕೆ.
ಅವಳು ಜೋಳದ ಹೆಂಡ ಸೋಸುವ ಅಂಗಳದಲ್ಲಿ
ಗುತ್ತಿಗೆದಾರನ ಮೇಸ್ತ್ರಿ ಕೂರುತ್ತಾನೆ, ನಾಬನ ತಮ್ಮ ಕೂರುತ್ತಾನೆ,
ಸರ್ಕಾರಿ ಜೀಪಿನ ಡ್ರೈವರು ಬೂಟು ಬಿಚ್ಚಿ ಮಲಗುತ್ತಾನೆ.
ಅಲ್ಲಿಯತನಕ ಅವಳಿಗೊಂದು ಚೀಟಿ ಬೇಕೆಂದು
ಯಾರಿಗೂ ಹೊಳೆದಿರಲಿಲ್ಲ.

ಯಾರ ಮಾತು ನಡೆಯುತ್ತದೋ ಅವರ ಹೆಸರಿನ ಮೇಲೆ
ಸೋಡಾ ಮುಚ್ಚಳ ಪೇರಿಸಿ ಎಂದಳು ಹುಡುಗಿ.
ಎಂಜಿನಿಯರಿಗೆ ಎಂಟು. ತಿಂದಾನನಿಗೆ ಎರಡು, ಮರ್ಯಾದೆಗೆ.
ಅಪಂಬಿಲಾ ತನ್ನ ಗೋಪುರದಿಂದ ಮೂರು ಕಿತ್ತು
ನಾಬನ ಮೇಲಿಟ್ಟ;
ವಿನಯವೋ, ಜಾರಿಕೊಳ್ಳುವುದೋ.
ಗಾಳಿ ಬಂತು. ದೊಡ್ಡವರೆಲ್ಲ ಒಂದೇ ಸಲ ಉರುಳಿದರು.
ಮಕ್ಕಳು ಹೆಕ್ಕಿ ತಂದವು, ಎರಡು ಕಡಿಮೆ.

ಆಗ ಓದು ಬಾರದ ಅಜ್ಜಿ ಅತಂಪೊಕ ಮುಂದೆ ಬಂದು
ಗೆರೆಗಳ ಮೇಲೆ ಬೆರಳಾಡಿಸಿದಳು,
ಮಡಿಗೆ ನೀರು ಬಿಡುವಾಗ ಮಣ್ಣು ಸರಿಸುವ ಹಾಗೆ.
ಇಲ್ಲಿ ಬಂತು. ಇಲ್ಲಿ ತಿರುಗಿತು. ಇಲ್ಲಿ...
ಇಲ್ಲಿ ನಿಂತಿತು.

ಅಪಂಬಿಲಾನ ಚೀಟಿಗೂ ಎಂಜಿನಿಯರನ ಚೀಟಿಗೂ ನಡುವೆ
ಎರಡು ಬೆರಳಿನಷ್ಟು ಜಾಗ,
ಯಾವ ಬಣ್ಣವೂ ಇಲ್ಲದ್ದು.

ಕಾಗದ ಬರೆಸಿದ್ದೆನಲ್ಲ, ಎಂದ ಅಪಂಬಿಲಾ.
ಬಂದೇ ಇಲ್ಲವಂತೆ, ಎಂದಳು ತಲಾತಾ;
ಡ್ರೈವರು ಕುಡಿದ ಮೇಲೆ ಸುಳ್ಳಾಡುವವನಲ್ಲ.

ಅಜ್ಜಿ ನನ್ನತ್ತ ತಿರುಗಿದಳು:
ಊರನ್ನೆಲ್ಲ ಬರೆದೆ, ಮಗ.
ನೀನೆಲ್ಲಿ?

ಬರೆದಿದ್ದೆ. ಲಕೋಟೆಗೂ ಹಾಕಿದ್ದೆ.
ಯಾರು ಒಯ್ಯಬೇಕೆಂದು ಯಾರೂ ಹೇಳಲಿಲ್ಲ,
ನಾನೂ ಕೇಳಲಿಲ್ಲ.
ಮುರಿದ ಬಾಗಿಲಿಂದ ಹಗಲೂ ರಾತ್ರಿ ಸೋರುವ ನೀರು
ಮೊದಲು ಮುಟ್ಟುವುದು ನನ್ನ ಮಡಿಯನ್ನು.
ಕಾಲುವೆಯ ಕೊನೆಯಲ್ಲಿದೆ ಅತಂಪೊಕಳ ಬೆಂಡೆ,
ಮೂರು ವರ್ಷದಿಂದ ಕಡ್ಡಿ.

ಹೊಸ ಚೀಟಿ ಕೊಟ್ಟರು. ಹೆಸರು ಬರೆದೆ,
ಅಕ್ಷರ ಸೊಟ್ಟ.
ಅಜ್ಜಿ ಒಂದು ಮುಚ್ಚಳ ಇಟ್ಟಳು, ನೋಡಿದಳು,
ಇನ್ನೊಂದು ಇಟ್ಟಳು,
ಸೆರಗಿನ ಗಂಟಿನಿಂದ ಇನ್ನೆರಡು ತೆಗೆದಳು.
ಯಾರೂ ಬೈಯಲಿಲ್ಲ.
ಬೈದಿದ್ದರೆ ಎದ್ದು ಹೋಗಬಹುದಿತ್ತು.

ಸಂಜೆ ಟ್ರಂಕು ತೆರೆದೆ.
ಲಕೋಟೆಯ ಒಂದು ಮೂಲೆ ಗೆದ್ದಲು ತಿಂದಿದೆ,
ಸರಿಯಾಗಿ ದಿನಾಂಕವಿದ್ದ ಮೂಲೆ.
ಲಾಟೀನು ಹತ್ತಿರ ಎಳೆದು ಪೆನ್ನಿನ ಟೊಪ್ಪಿ ತೆಗೆದು
ಕೂತಿದ್ದೇನೆ,
ಯಾವ ದಿನ ಬರೆಯಲಿ?